ಅರ್ಧ ಸಾಲು

ಆ ಬೆಳಿಗ್ಗೆ ಪ್ರಾರ್ಥನೆಯ ಹಾಲ್‌ನಲ್ಲಿ ಅಪ್ಪ ಸ್ತುತಿಯ ಏಳನೆಯ ಸಾಲು ಹೇಳಿ ನಿಲ್ಲಿಸಿದಾಗ ಯಾರಿಗೂ ಏನೂ ಅನ್ನಿಸಲಿಲ್ಲ. ಅವರು ಹಾಗೆ ನಡುನಡುವೆ ನಿಲ್ಲಿಸುವುದು ಹೊಸದಲ್ಲ. ಹೇಳುವವರು ನಿಲ್ಲಿಸಿದರೆ ಕೇಳುವವರು ಕಣ್ಣು ಮುಚ್ಚಿಕೊಳ್ಳಬೇಕು. ಮತ್ತೆ ದನಿ ಬರುವ ತನಕ ತೆರೆಯಬಾರದು. ಹೇಳುವವರನ್ನು ಕರೆಯಬಾರದು, ಮುಟ್ಟಬಾರದು. ಈ ಪದ್ಧತಿ ತಂದವರೇ ಅಪ್ಪ. ಹಾಗಾಗಿ ಅರವತ್ತು ಜನ ಕಣ್ಣು ಮುಚ್ಚಿದರು. ಹತ್ತು ನಿಮಿಷವಾಯಿತು. ಅರ್ಧ ಗಂಟೆಯಾಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಕೆಮ್ಮಿನ ಹಿರಿಯರು ಎರಡು ಸಲ ಕೆಮ್ಮಿ, ಕೆಮ್ಮಿದ್ದಕ್ಕೆ ತಾವೇ ನಾಚಿಕೊಂಡು, ಮತ್ತೆ ಬಿಗಿಯಾಗಿ ಕಣ್ಣು ಮುಚ್ಚಿದರು.

ಹೆಂಗಸರ ಕಡೆ ಕೂತಿದ್ದ ಮಗಳೂ ಮುಚ್ಚಿದ್ದಳು. ಇವತ್ತು ಅಪ್ಪ ಎಷ್ಟು ಆಳಕ್ಕೆ ಹೋಗಿದ್ದಾರೆ, ಅಂದುಕೊಂಡಳು. ಮನಸ್ಸಿನಲ್ಲಿ ಸಣ್ಣದೊಂದು ಹೆಮ್ಮೆಯೂ ಬಂತು. ಒಂದು ಗಂಟೆ ಹತ್ತು ನಿಮಿಷದ ಮೇಲೆ ಏನೋ ಮೆತ್ತಗೆ ಬಿದ್ದ ಸದ್ದು ಕೇಳಿ ಕಣ್ಣು ತೆರೆದಾಗ ಅಪ್ಪ ಚಾಪೆಯ ಮೇಲೆ ಒರಗಿದ್ದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಕೇಳಿದರು: "ಒಂದು ಗಂಟೆಗೂ ಜಾಸ್ತಿ! ಅಷ್ಟು ಹೊತ್ತು ಏನ್ ಮಾಡ್ತಿದ್ರಿ ನೀವೆಲ್ಲ?"

"ಪ್ರಾರ್ಥನೆ," ಎಂದಳು.

ಅದಾಗಿ ಆರು ವಾರ. ಕೈಕಾಲು ಒಂದಿಷ್ಟು ಹಿಡಿತಕ್ಕೆ ಬಂದವು. ಮಾತು ಬರಲಿಲ್ಲ. ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಕಣ್ಣಿನಲ್ಲಿ ಗೊತ್ತಾಗುತ್ತಿತ್ತು. ಆದರೆ ಬಾಯಿ ತೆರೆದರೆ ಗಾಳಿ ಮಾತ್ರ. ವಾರಕ್ಕೆರಡು ಸಲ ಮಾತಿನ ತರಬೇತಿಗೆ ಕರೆದುಕೊಂಡು ಹೋಗಬೇಕು. ಅಲ್ಲಿನ ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವಳು, ಆದರೆ ಮುಖಸ್ತುತಿಯ ಜಾತಿಯಲ್ಲ.

"ಸೋಮವಾರ ಹತ್ತು ಗಂಟೆಗೆ ನಮ್ಮ ದೊಡ್ಡ ಡಾಕ್ಟರು ನೋಡ್ತಾರೆ," ಎಂದಳು. "ಅವರ ಎದುರು ಬಾಯಿಂದ ಏನಾದ್ರೂ ಮಾತು ಹೊರಡಬೇಕು. ಹೊರಟ್ರೆ ಇನ್ನೂ ಮೂರು ತಿಂಗಳು ಇಟ್ಕೊಳ್ತೀವಿ. ಇಲ್ಲ ಅಂದ್ರೆ ಈ ಜಾಗ ಕಾಯ್ತಿರೋ ಇನ್ನೊಬ್ಬರಿಗೆ ಹೋಗುತ್ತೆ. ನನ್ನ ಕೈಲಿಲ್ಲ."

"ಒಂದು ಮಾತೂ ಬಂದಿಲ್ವಲ್ಲ ಡಾಕ್ಟರೇ."

"ಬಂದಿದೆ. ನೋಡಿ." ಡಾಕ್ಟರಮ್ಮ ಅಪ್ಪನ ಎದುರು ಕುರ್ಚಿ ಎಳೆದುಕೊಂಡು ಕೂತು, "ಒಂದು, ಎರಡು..." ಎಂದು ನಿಲ್ಲಿಸಿದಳು. ಅಪ್ಪನ ತುಟಿ ನಡುಗಿತು. "ಮೂ..." ಎಂದರು.

"ಚಿಕ್ಕವರಿದ್ದಾಗ ಬಾಯಿಪಾಠ ಮಾಡಿದ್ದು ಮಿದುಳಿನ ಬೇರೆ ಕಡೆ ಉಳ್ಕೊಂಡಿರುತ್ತೆ. ಅರ್ಧ ನಾವು ಕೊಟ್ರೆ ಇನ್ನರ್ಧ ತಾನಾಗೇ ಬರುತ್ತೆ. ಅಲ್ಲಿಂದ ಹಿಡಿದು ಬೇರೆ ಮಾತಿಗೆ ಎಳ್ಕೊಂಡು ಬರ್ಬೇಕು. ಇವರು ಚಿಕ್ಕಂದಿನಲ್ಲಿ ಏನ್ ಹೇಳ್ಕೊಳ್ತಿದ್ರು? ಹಾಡು, ಪದ್ಯ, ಯಾವುದಾದ್ರೂ?"

"ಸ್ತುತಿ," ಎಂದಳು ಮಗಳು. ಅಂದ ಕೂಡಲೇ ಅದರ ತೊಡಕೂ ಹೊಳೆಯಿತು.

ಅವರ ಸಮುದಾಯದಲ್ಲಿ ಸ್ತುತಿಯನ್ನು ಮೊದಲು ಅರ್ಧರ್ಧವಾಗಿಯೇ ಹೇಳುತ್ತಿದ್ದರು. ಒಬ್ಬರು ಅರ್ಧ ಸಾಲು ಕೊಡುವುದು, ಉಳಿದವರೆಲ್ಲ ಒಟ್ಟಾಗಿ ಮುಗಿಸುವುದು. ಅಪ್ಪನೂ ಅವರ ತಮ್ಮನೂ ಹುಡುಗರಾಗಿದ್ದಾಗಿನಿಂದ ಆ ಹಾಲ್‌ನಲ್ಲಿ ಜೋಡಿ: ತಮ್ಮ ಕೊಡುವವನು, ಅಣ್ಣ ಮುಗಿಸುವವರ ಮುಂದಾಳು. ಇಪ್ಪತ್ತೊಂಬತ್ತು ವರ್ಷದ ಹಿಂದೆ ಅಪ್ಪನಿಗೆ ಅದು ಗದ್ದಲ ಅನ್ನಿಸತೊಡಗಿತು. ದೇವರ ಮಾತಿನ ಮೇಲೆ ನಮ್ಮ ಮಾತು ಬೀಳಬಾರದು. ಒಬ್ಬರು ಪೂರ್ತಿ ಹೇಳಲಿ, ಉಳಿದವರು ಸುಮ್ಮನೆ ಕೇಳಲಿ ಎಂದರು. ಅರ್ಧ ಜನ ಹೌದೆಂದರು, ಅರ್ಧ ಜನ ಎದ್ದು ಹೋಗಿ ಎರಡು ಬೀದಿಯಾಚೆ ಬೇರೆ ಹಾಲ್ ಮಾಡಿಕೊಂಡರು. ಇವರು ಮೌನದವರು, ಅವರು ದನಿಯವರು. ಅಣ್ಣತಮ್ಮಂದಿರ ನಡುವೆ ಅವತ್ತಿನಿಂದ ಮುಖ ನೋಡುವುದೂ ಇಲ್ಲ. ಮಗಳಿಗೆ ಆಗ ಐದು ವರ್ಷ. ಅವಳ ಕಿವಿಗೆ ಗೊತ್ತಿರುವುದು ಇಡೀ ಸಾಲು ಮಾತ್ರ.

ಮೌನದವರನ್ನು ಅವಳು ಹೇಗೆ ಬೈಯುವುದು? ಅಮ್ಮ ತೀರಿಕೊಂಡ ವಾರ ಯಾರ ಸಮಾಧಾನವೂ ತಲೆಗೆ ಹೋಗದಿದ್ದಾಗ ಅವಳನ್ನು ಹಿಡಿದು ನಿಲ್ಲಿಸಿದ್ದು ಆ ಹಾಲ್‌ನ ನಿಶ್ಶಬ್ದವೇ. ಈಗಲೂ ಅಷ್ಟೇ. ಅಪ್ಪ ಮನೆಗೆ ಬಂದ ಮರುದಿನವೇ ಕೆಮ್ಮಿನ ಹಿರಿಯರು ಒಂದು ಹಾಳೆ ತಂದು ಫ್ರಿಜ್ ಬಾಗಿಲಿಗೆ ಅಂಟಿಸಿದರು: ಯಾವ ದಿನ ಯಾರ ಮನೆಯಿಂದ ಊಟ, ಯಾರು ಬೆಳಿಗ್ಗೆ ಕೂರುವುದು, ಯಾರು ನಾಲ್ಕು ಗಂಟೆಗೆ. ಆರು ವಾರದಲ್ಲಿ ಒಬ್ಬರೂ ತಪ್ಪಿಸಿರಲಿಲ್ಲ. ಅವರಿಂದಾಗಿಯೇ ಅವಳು ಅಪ್ಪನ ಕನ್ನಡಕದ ಅಂಗಡಿ ತೆರೆಯಲು ಸಾಧ್ಯವಾಗಿತ್ತು. ಗಾಜು ಉಜ್ಜಿ, ಚೌಕಟ್ಟಿಗೆ ಕೂರಿಸಿ, ಹೇಳಿದ ದಿನಕ್ಕೆ ಕೊಡಲು ಆಗಿತ್ತು. ಒಂದು ಮಧ್ಯಾಹ್ನ ಅವಳು ಬರುವಷ್ಟರಲ್ಲಿ ಹಿರಿಯರು, ಎಪ್ಪತ್ತಾರು ವರ್ಷದವರು, ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಅಪ್ಪ ಒದ್ದೆ ಮಾಡಿಕೊಂಡ ಹಾಸಿಗೆಬಟ್ಟೆ ಒಗೆಯುತ್ತಿದ್ದರು. "ಅಯ್ಯೋ ಬಿಡಿ, ನಾನು ಮಾಡ್ತೀನಿ," ಎಂದರೆ, "ಸುಮ್ನಿರಮ್ಮ, ನಿಮ್ಮಪ್ಪ ನನ್ನ ಕೊಳೆ ಎಷ್ಟು ತೊಳೆದಿದ್ದಾನೆ ನಿಂಗೇನ್ ಗೊತ್ತು," ಎಂದಿದ್ದರು.

ಆದರೆ ಬಂದವರೆಲ್ಲ ಮಾಡುವುದು ಒಂದೇ: ಅಪ್ಪನ ಪಕ್ಕ ಕೂತು ಇಡೀ ಸ್ತುತಿ ಹೇಳುವುದು. ಅಪ್ಪ ಕಣ್ಣು ಮುಚ್ಚಿ ಕೇಳುವುದು. "ಹೇಗೆ ಕೇಳ್ತಾರೆ ನೋಡಮ್ಮ! ನಮಗೆಲ್ಲ ಬುದ್ಧಿ ಬರ್ಬೇಕು," ಎಂದು ಕಣ್ಣೊರೆಸಿಕೊಂಡು ಹೋಗುವರು. ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಕೇಳುತ್ತಿಲ್ಲ, ಮುಳುಗುತ್ತಿದ್ದಾರೆ ಎಂದು ಕೂಗಿ ಹೇಳಬೇಕೆನಿಸುತ್ತಿತ್ತು. ಅವತ್ತು ತಾನೂ ಹಾಗೇ ಅಂದುಕೊಂಡು ಹೆಮ್ಮೆಪಟ್ಟವಳಲ್ಲವೇ ಎಂದು ನೆನಪಾಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಡಾಕ್ಟರಮ್ಮ ಹೇಳಿದ ದಿನವೇ ಅವಳು ತಾನೇ ಪ್ರಯತ್ನಿಸಿದಳು. "ನೀನು ಕೊಟ್ಟ ಬೆಳಕಿನಲ್ಲಿ ನಿನ್ನ ಮನೆಯ ದಾರಿ ಕಂಡೆ." ಎಲ್ಲಿ ಕತ್ತರಿಸುವುದು? ಬಾಯಿ ಬಿಟ್ಟರೆ ಸಾಲು ಪೂರ್ತಿ ಜಾರಿಬಿಡುತ್ತಿತ್ತು. ಅಪ್ಪನೋ, ಅವಳು ಶುರು ಮಾಡಿದ ಕೂಡಲೇ ಕಣ್ಣು ಮುಚ್ಚಿ ತಲೆ ತಗ್ಗಿಸುತ್ತಿದ್ದರು. ಇಪ್ಪತ್ತೊಂಬತ್ತು ವರ್ಷದ ಅಭ್ಯಾಸ.

ಅವಳ ಅಣ್ಣನಿಗೆ ಆ ಹಳೆಯ ಪದ್ಧತಿ ಬರುತ್ತಿತ್ತು. ಹದಿಮೂರು ವರ್ಷದ ತನಕ ಅವನು ಚಿಕ್ಕಪ್ಪನ ಪಕ್ಕದಲ್ಲೇ ಕೂತು ಉತ್ತರ ಕೊಟ್ಟವನು. ಗುರುವಾರ ಅವನು ಹೆಂಡತಿಯೊಂದಿಗೆ ಬಂದಾಗ ಅವಳು ವಿಷಯ ತೆಗೆದಳು.

"ಆಗಲ್ಲ," ಎಂದ.

"ಡಾಕ್ಟರು ಹೇಳಿದ್ದು ಕಣೋ."

"ಡಾಕ್ಟರಿಗೇನ್ ಗೊತ್ತು? ಅಪ್ಪ ಅರ್ಧ ಜೀವನ ಯಾವುದನ್ನ ಬೇಡ ಅಂದ್ರೋ, ಅವರ ಬಾಯಿ ಬಿದ್ದುಹೋದ ಸಮಯ ನೋಡಿ ಅದನ್ನೇ ಅವರ ಬಾಯಿಗೆ ತುರುಕ್ತೀಯಾ?"

"ತುರುಕೋದಲ್ಲ, ಒಳಗಿರೋದನ್ನ ತೆಗೆಯೋದು."

"ಅವರು ಒಪ್ಪಿದ್ದಾರಾ? ಕೇಳಿದ್ಯಾ?"

"ಕೇಳಿದ್ರೆ ಹೇಳೋಕೆ ಬಾಯಿ ಎಲ್ಲಿದೆಯೋ!" ಅವಳ ದನಿ ಏರಿತು. "ಅದಕ್ಕೇ ಅಲ್ವಾ ಇಷ್ಟೆಲ್ಲ!"

ಅತ್ತಿಗೆ ನಡುವೆ ಬಂದರು. "ಸುಮ್ನೆ ಒಂದ್ಸಲ ಹೇಳಿದ್ರೆ ನಿಮಗೇನ್ರೀ ಗಂಟು ಹೋಗೋದು?"

"ನೀನು ಸುಮ್ನಿರು. ನಾಳೆ ಇವರಿಗೆ ಸರಿಯಾಗಿ ಮಾತು ಬಂದ್ಮೇಲೆ, 'ಯಾಕೋ ಹೀಗ್ ಮಾಡ್ದೆ' ಅಂತ ನನ್ನ ಮುಖ ನೋಡಿದ್ರೆ ಏನ್ ಹೇಳ್ಲಿ?"

"ಬೈದ್ರು ಅಂತ ಖುಷಿಪಡು," ಎಂದಳು ತಂಗಿ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅವನಿಗೆ ಅಪ್ಪನ ಮೇಲೆ ಪ್ರೀತಿ ಇಲ್ಲವೆಂದಲ್ಲ. ದಿನಾ ಬೆಳಿಗ್ಗೆ ಬಂದು ಗಡ್ಡ ಕೆರೆದು ಹೋಗುವವನು ಅವನೇ. ಅದೇ ಅವಳಿಗೆ ಇನ್ನೂ ಸಿಟ್ಟು ತರಿಸುತ್ತಿತ್ತು. ಕೆಟ್ಟವನಾಗಿದ್ದರೆ ಜಗಳವಾದರೂ ಸಲೀಸಾಗಿರುತ್ತಿತ್ತು.

ಶುಕ್ರವಾರ ಅಂಗಡಿಯ ಬಾಗಿಲೆಳೆದು ಅವಳು ಚಿಕ್ಕಪ್ಪನ ಟೈಲರ್ ಅಂಗಡಿಗೆ ಹೋದಳು. ದಾರಿಯಲ್ಲಿ ಎದುರಾದರೆ ಆಚೆ ಬದಿಗೆ ದಾಟುತ್ತಿದ್ದರೇ ಹೊರತು, ಹೀಗೆ ಎದುರು ನಿಂತದ್ದು ಇದೇ ಮೊದಲು. ಚಿಕ್ಕಪ್ಪ ಕೊರಳಿಗೆ ಅಳತೆಯ ಪಟ್ಟಿ ಹಾಕಿಕೊಂಡು, ಬಾಯಿ ತುಂಬ ಗುಂಡುಪಿನ್ನು ಕಚ್ಚಿಕೊಂಡು, ಒಂದು ಕೋಟಿನ ತೋಳು ಬಿಚ್ಚುತ್ತಿದ್ದರು. ಅವಳನ್ನು ನೋಡಿ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು.

"ಏನಮ್ಮಾ, ದಾರಿ ತಪ್ಪಿ ಬಂದ್ಯಾ? ಮೌನದವರು ಈ ಬೀದಿ ಗಾಳೀನೂ ಕುಡಿಯಲ್ಲ ಅಂತ ಕೇಳಿದ್ದೆ."

"ಅಪ್ಪನಿಗೆ ಹುಷಾರಿಲ್ಲ ಚಿಕ್ಕಪ್ಪ."

"ಗೊತ್ತು." ಮಿಷನ್ನಿನ ಚಕ್ರವನ್ನು ಕೈಯಿಂದ ಅರ್ಧ ಸುತ್ತು ತಿರುಗಿಸಿದರು. "ಗೊತ್ತಾದ ದಿನ ಆಸ್ಪತ್ರೆ ಗೇಟಿನ ತನಕ ಬಂದಿದ್ದೆ. ನಿಮ್ಮ ಹಿರಿಯರು ಬಾಗಿಲಲ್ಲಿ ನಿಂತಿದ್ರು. ನನ್ನ ನೋಡಿ ಕೆಮ್ಮಿದ್ರು. ವಾಪಸ್ ಬಂದೆ."

"ಅವರು ಯಾವಾಗ್ಲೂ ಕೆಮ್ತಾರೆ ಚಿಕ್ಕಪ್ಪ!"

"ಅದು ಬೇರೆ ಥರ ಕೆಮ್ಮು ಕಣಮ್ಮಾ."

ಅವಳು ವಿಷಯ ಹೇಳಿದಳು. ಮುಗಿಸುವಷ್ಟರಲ್ಲಿ ಚಿಕ್ಕಪ್ಪ ಅಳತೆಯ ಪಟ್ಟಿಯ ತುದಿಯಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು. "ನಾಳೆ ಬರ್ತೀನಿ. ನಿಮ್ಮಣ್ಣ ಎಷ್ಟೊತ್ತಿಗೆ ಇರಲ್ಲ?"

ಶನಿವಾರ ಹನ್ನೊಂದಕ್ಕೆ ಬಂದರು. ಅಪ್ಪ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ತಮ್ಮನನ್ನು ನೋಡಿ ಅವರ ಸರಿಯಾದ ಕೈ ಕುರ್ಚಿಯ ತೋಳನ್ನು ಹಿಡಿದುಕೊಂಡಿತು. ಸಿಟ್ಟೋ, ಗಾಬರಿಯೋ, ಅವಳಿಗೆ ತಿಳಿಯಲಿಲ್ಲ. ಚಿಕ್ಕಪ್ಪ ಕುಶಲ ಕೇಳಲಿಲ್ಲ. ಸ್ಟೂಲು ಎಳೆದು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ, ಸಾಲನ್ನು ಎಸೆದೇಬಿಟ್ಟರು.

"ನೀನು ಕೊಟ್ಟ ಬೆಳಕಿನಲ್ಲಿ..."

ಎಸೆದದ್ದೇ ಸರಿ. ಅಲ್ಲಿ ದನಿಯನ್ನು ಇಳಿಸದೆ ಮೇಲಕ್ಕೆ ಎತ್ತಿ ಬಿಟ್ಟರು. ಯಾರಾದರೂ ಹಿಡಿಯದೆ ಇದ್ದರೆ ಬಿದ್ದು ಒಡೆಯುತ್ತದೆ ಅನ್ನುವ ಹಾಗೆ. ಅಪ್ಪನ ಬಾಯಿ ತೆರೆಯಿತು. "ನಿ...ನ್ನ ಮನೆಯ ದಾರಿ ಕಂಡೆ." ತೊದಲು, ಒಂದು ಕಡೆಯಿಂದ ಸೋರುವ ದನಿ. ಆದರೆ ಅಷ್ಟೂ ಅಕ್ಷರ.

"ದಣಿದು ಬಂದ ಕಾಲಿಗೆಲ್ಲ..."

"ನೆರಳು ಹಾಸಿ ಕೂರಿಸಿದೆ."

"ಬಾಗಿಲಲ್ಲಿ ನಿಂತವನಿಗೆ..."

"ಹೆಸರು ಕೇಳದೆ ಬಾ ಎಂದೆ."

ಮಗಳು ಗೋಡೆಗೆ ಬೆನ್ನು ಕೊಟ್ಟು ನಿಂತು ಸೆರಗಿನಿಂದ ಬಾಯಿ ಒತ್ತಿ ಹಿಡಿದಿದ್ದಳು. ಆರು ವಾರದಲ್ಲಿ ಅವಳು ಕೇಳಿದ ಅಪ್ಪನ ಮೊದಲ ಪೂರ್ತಿ ಮಾತು. ಹೊರಡುವಾಗ ಬಾಗಿಲಲ್ಲಿ ಚಿಕ್ಕಪ್ಪನ ಕೈ ಹಿಡಿದುಕೊಂಡು, "ಸೋಮವಾರ ಹತ್ತು ಗಂಟೆಗೆ ಆಸ್ಪತ್ರೆಗೆ ಬಂದುಬಿಡಿ. ಅಲ್ಲಿ ತನಕ ಯಾರಿಗೂ ಹೇಳ್ಬೇಡಿ," ಎಂದಳು.

"ನಾನ್ಯಾಕೆ ಹೇಳ್ಲಮ್ಮಾ?" ಎಂದರು. ಹೇಳುವಾಗ ನಿಜವಾಗಿಯೂ ಹಾಗೇ ಅಂದುಕೊಂಡಿದ್ದರೇನೋ.

ಭಾನುವಾರ ನಾಲ್ಕು ಗಂಟೆಗೆ ಕೆಮ್ಮಿನ ಹಿರಿಯರೂ ಇನ್ನಿಬ್ಬರೂ ಅಪ್ಪನ ಪಕ್ಕ ಕೂತಿದ್ದಾಗ ಕಾಲಿಂಗ್ ಬೆಲ್ ಆಯಿತು. ಬಾಗಿಲು ತೆರೆದರೆ ಚಿಕ್ಕಪ್ಪ. ಅವರ ಹಿಂದೆ ಮೆಟ್ಟಿಲ ತುಂಬ ದನಿಯವರು. ಹನ್ನೊಂದು ಜನ, ಒಗೆದ ಬಟ್ಟೆ ಉಟ್ಟು, ಹಣ್ಣಿನ ಚೀಲ ಹಿಡಿದು.

"ಇವರೆಲ್ಲ ಒಂದ್ಸಲ ಕೇಳ್ಬೇಕು ಅಂತಾರೆ ಕಣಮ್ಮಾ," ಎಂದರು ಚಿಕ್ಕಪ್ಪ. ಮುಖ ಗೆದ್ದವರ ಹಾಗೆ ಬೆಳಗುತ್ತಿತ್ತು. "ನಂಬೋದೇ ಇಲ್ಲ ಅಂತಾರೆ. ನಿಮ್ಮಪ್ಪನ ಬಾಯಲ್ಲಿ ಅರ್ಧ ಸಾಲು!"

"ಹೇಳ್ಬೇಡಿ ಅಂದಿದ್ನಲ್ಲ ಚಿಕ್ಕಪ್ಪ."

"ಒಳ್ಳೇ ಸುದ್ದಿ ಹೊಟ್ಟೇಲಿ ನಿಲ್ಲುತ್ತಾ?"

ಅವಳು ಅಡ್ಡ ನಿಲ್ಲುವಷ್ಟರಲ್ಲಿ ಒಳಗೆ ಬಂದುಬಿಟ್ಟರು. ಸಣ್ಣ ಕೋಣೆ. ಒಂದು ಮಂಚ, ಒಂದು ಕುರ್ಚಿ, ಹದಿನೇಳು ಜನ.

ಹಿರಿಯರು ಎದ್ದು ನಿಂತರು. "ಇದೇನು ಇಲ್ಲಿ ಸಭೆ?"

"ನಮ್ಮಣ್ಣನ್ನ ನೋಡೋಕೆ ನಿಮ್ಮ ಚೀಟಿ ತರ್ಬೇಕಾ?" ಎಂದರು ಚಿಕ್ಕಪ್ಪ. "ಆರು ವಾರ ಕಿವಿ ತುಂಬ ಹೇಳಿದ್ರಲ್ಲ, ಒಂದು ಅಕ್ಷರ ಬಂತಾ? ನಾನು ಒಂದು ಗಂಟೆ ಕೂತೆ, ಮೂರು ಸಾಲು ಬಂತು. ದೇವರು ಯಾರ ಕಡೆ ಅಂತ ಇನ್ನೂ ಕೇಳ್ಬೇಕಾ?"

"ನಾಚಿಕೆ ಆಗ್ಬೇಕು ನಿನಗೆ. ಕಾಯಿಲೆ ಬಿದ್ದ ಮನುಷ್ಯನ್ನ ಗಿಣಿ ಮಾಡ್ಕೊಂಡಿದ್ದೀಯಾ?"

"ಕಾಯಿಲೆ ಬಿದ್ದಾಗ ಕಣ್ಣು ಮುಚ್ಚಿಕೊಂಡು ಕೂತೋರು ಯಾರಪ್ಪಾ?"

ಆ ಮಾತಿಗೆ ಹಿರಿಯರ ಮುಖ ಬಿಳುಚಿತು. ಕೆಮ್ಮು ಬಂತು, ನಿಲ್ಲಲಿಲ್ಲ. ಇನ್ನೊಬ್ಬರು ಚಿಕ್ಕಪ್ಪನ ತೋಳು ಹಿಡಿದರು. ದನಿಯವರಲ್ಲಿ ಒಬ್ಬ ಆ ಕೈ ಕಿತ್ತು ಹಾಕಿದ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಈ ಗಲಾಟೆಯ ನಡುವೆಯೇ ಚಿಕ್ಕಪ್ಪ ಅಣ್ಣನ ಎದುರು ಬಗ್ಗಿ, "ನೀನು ಕೊಟ್ಟ ಬೆಳಕಿನಲ್ಲಿ... ಹೇಳಣ್ಣಾ, ಇವರು ಕೇಳ್ಲಿ," ಎಂದರು. ಅಪ್ಪ ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. "ಹೇಳಣ್ಣಾ!" ಅಪ್ಪನ ಸರಿಯಾದ ಕಣ್ಣಿನಿಂದ ನೀರು ಇಳಿಯಿತು.

"ಎಲ್ಲರೂ ಆಚೆ ನಡೀರಿ," ಎಂದಳು ಮಗಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಮೂವತ್ನಾಲ್ಕು ವರ್ಷದಲ್ಲಿ ಅವಳು ನಾಲ್ಕು ಜನರ ನಡುವೆ ದನಿ ಎತ್ತಿದವಳಲ್ಲ. "ಆಚೆ ನಡೀರೀ!" ಎಂದು ಕಿರುಚಿದಳು. "ಇವರೂ ಅವರೂ, ಎಲ್ಲರೂ! ಅವರಿಗೆ ಮಾತು ಬರಲಿ ಅಂತ ನಿಮ್ಮಲ್ಲಿ ಒಬ್ಬರಿಗೂ ಇಲ್ಲ. ಬಂದ್ರೆ ಯಾರ ಮಾತು ಅಂತಲೇ ಎಲ್ಲರಿಗೂ!"

ಹೋದರು. ಹಿರಿಯರು ಹೋಗುವಾಗ ಫ್ರಿಜ್ಜಿನ ಮುಂದೆ ಒಂದು ಕ್ಷಣ ನಿಂತು, ಹಾಳೆಯನ್ನು ಹರಿಯದ ಹಾಗೆ ಉಗುರಿನಿಂದ ಮೆಲ್ಲಗೆ ಬಿಡಿಸಿ, ಮಡಚಿ ಜೇಬಿಗೆ ಹಾಕಿಕೊಂಡರು. "ನಾವು ಬೇಡ ಅಂದ್ಮೇಲೆ," ಎಂದರು. ಕೋಪವಿರಲಿಲ್ಲ, ನೋವು. ಅದನ್ನು ನೋಡುವುದು ಇನ್ನೂ ಕಷ್ಟವಾಯಿತು. ಚಿಕ್ಕಪ್ಪ ಮೆಟ್ಟಿಲಿನಿಂದಲೇ ಹೇಳಿದರು: "ನಾಳೆ ನನ್ನನ್ನ ಕಾಯ್ಬೇಡ. ಹನ್ನೊಂದು ಜನರ ಎದುರು ನನ್ನ ಸುಳ್ಳುಗಾರ ಮಾಡ್ದ ನಿಮ್ಮಪ್ಪ. ಅವನೇ ಕರೆದ್ರೆ ಬರ್ತೀನಿ."

"ಕರೆಯೋಕೆ ಬಾಯಿ..." ಎಂದು ಶುರುಮಾಡಿ ಅವಳು ಬಿಟ್ಟುಬಿಟ್ಟಳು. ಇದೇ ಮಾತನ್ನು ಎಷ್ಟು ಜನಕ್ಕೆ ಎಷ್ಟು ಸಲ ಹೇಳುವುದು?

ಸುದ್ದಿ ತಿಳಿದ ಅಣ್ಣ ಫೋನ್ ಮಾಡಿ ಬೈಯಲೂ ಇಲ್ಲ. "ಮಾಡ್ಕೊಂಡ್ಯಲ್ಲ," ಎಂದು ಇಟ್ಟ.

ಸೋಮವಾರ ಅವಳೊಬ್ಬಳೇ ಅಪ್ಪನಿಗೆ ಶರಟು ತೊಡಿಸಿ, ಟ್ಯಾಕ್ಸಿಗೆ ಹತ್ತಿಸಿ, ಗಾಲಿಕುರ್ಚಿ ತಳ್ಳಿಕೊಂಡು ಹತ್ತಕ್ಕೆ ಐದು ನಿಮಿಷವಿರುವಾಗ ಮೂರನೇ ಮಹಡಿ ಮುಟ್ಟಿದಳು. ದೊಡ್ಡ ಡಾಕ್ಟರ ಮೇಜಿನ ಮೇಲೆ ಫೈಲುಗಳು ಗೋಡೆಯಂತೆ ನಿಂತಿದ್ದವು. ಅವರು ಅಪ್ಪನಿಗೆ ಒಂದು ಬಾಚಣಿಗೆ ತೋರಿಸಿ ಹೆಸರು ಕೇಳಿದರು. ಕೀಲಿಕೈ ತೋರಿಸಿದರು. ಬಾಯಿಯಿಂದ ಗಾಳಿ ಬಂತು. ಒಂದು, ಎರಡು ಎಂದರು. ಇವತ್ತು ಮೂರೂ ಬರಲಿಲ್ಲ.

"ಪದ್ಯದ ಸಾಲಿಗೆ ಬರ್ತಾರೆ ಸರ್," ಎಂದಳು ಡಾಕ್ಟರಮ್ಮ. "ಅವರ ತಮ್ಮ ಕೊಡ್ತಾರಂತೆ. ಎಲ್ಲಿ ಅವರು?"

"ಬರಲಿಲ್ಲ," ಎಂದಳು ಮಗಳು. "ನಾನು ಕೊಡ್ತೀನಿ."

ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಳು. "ನೀನು ಕೊಟ್ಟ... ಬೆಳಕಿನಲ್ಲಿ ನಿನ್ನ..." ಜಾರಿತು. ಅಪ್ಪ ಅಭ್ಯಾಸಬಲದಿಂದ ಕಣ್ಣು ಮುಚ್ಚಿದರು. "ಮುಚ್ಚಬೇಡಿ ಅಪ್ಪಾ! ನನ್ನ ನೋಡಿ." ತೊಡೆಯ ಮೇಲೆ ಬೆರಳು ಬಡಿದಳು, ತಾಳ ತಪ್ಪಿತು. "ದಣಿದು ಬಂದ..." ಎಂದು ನಿಲ್ಲಿಸಿದಳು. ಬೇಗ ನಿಲ್ಲಿಸಿದೆ ಅನ್ನಿಸಿತು. ದೊಡ್ಡ ಡಾಕ್ಟರು ಮುಂದಿನ ಫೈಲಿನ ದಾರ ಬಿಚ್ಚುತ್ತಿದ್ದರು. ಅವಳಿಗೆ ಆ ದಾರವನ್ನು ಕಿತ್ತುಕೊಳ್ಳುವಷ್ಟು ಸಿಟ್ಟು ಬಂತು. ಚಿಕ್ಕಪ್ಪನ ಮೇಲೆ, ಅಣ್ಣನ ಮೇಲೆ, ಮಡಚಿದ ಹಾಳೆಯ ಮೇಲೆ, ಎದುರಿಗೆ ಪೆಟ್ಟಿಗೆಯಂತೆ ಮುಚ್ಚಿಕೊಂಡು ಕೂತ ಈ ಹಟಮಾರಿಯ ಮೇಲೆ. ಹೆಚ್ಚುಕಡಿಮೆ ಗದರುತ್ತಲೇ ಹೇಳಿದಳು:

"ಬಾಗಿಲಲ್ಲಿ ನಿಂತವನಿಗೆ ಹೆಸರು..."

"ಅಲ್ಲ," ಎಂದರು ಅಪ್ಪ.

ದಾರ ಬಿಚ್ಚುತ್ತಿದ್ದ ಕೈ ನಿಂತಿತು. "ಅದು ಪದ್ಯದಲ್ಲಿದೆಯಾ?" ಕೇಳಿದರು ದೊಡ್ಡ ಡಾಕ್ಟರು.

"ಇಲ್ಲ," ಎಂದಳು.

"ಹಾಗಾದ್ರೆ ಇದು ಅವರದೇ ಮಾತು." ಫೈಲಿನಲ್ಲಿ ಏನೋ ಗೀಚಿದರು. "ಮೂರು ತಿಂಗಳು. ಮುಂದಿನವರನ್ನ ಕರೀರಿ."

ಕಾರಿಡಾರಿಗೆ ಬಂದ ಕೂಡಲೇ ಅಣ್ಣನಿಗೆ ಫೋನ್ ಮಾಡಿದಳು. ಸುದ್ದಿ ಕೇಳಿ ಅವನು ಅಳುತ್ತಿದ್ದ. ಆಮೇಲೆ ಮೂಗು ಸೀಟಿಕೊಂಡು, "ನೋಡಿದ್ಯಾ? ನಾನು ಹೇಳ್ಲಿಲ್ವಾ, ಅವರಿಗದು ಬೇಡ ಅಂತ. ಬಾಯಿಬಿಟ್ಟು ಹೇಳಿದ್ರು," ಎಂದ. ಚಿಕ್ಕಪ್ಪನಿಗೆ ಮಾಡಿದಳು. ಅವರೂ ಅತ್ತರು. "ಅಲ್ಲ ಅಂದ್ನಾ! ಅರ್ಧ ಸಾಲು ಎಲ್ಲಿ ಒಡೀಬೇಕು ಅಂತ ನಿನಗೆ ತಿದ್ದಿದಾನೆ ಕಣಮ್ಮಾ. ನಮ್ಮ ಪದ್ಧತಿ ಅವನ ರಕ್ತದಲ್ಲಿದೆ." ಅವಳು ಫೋನನ್ನು ಕೈಚೀಲದ ತಳಕ್ಕೆ ತುರುಕಿದಳು.

ಕುರ್ಚಿಯ ಮುಂದೆ ಬಗ್ಗಿ ನಿಂತಳು. "ಏನಲ್ಲ ಅಪ್ಪಾ? ನಾನು ಹೇಳಿದ್ದು ತಪ್ಪಾ, ಹೇಳೋದೇ ತಪ್ಪಾ?"

ಅಪ್ಪ ಅವಳನ್ನೇ ನೋಡಿದರು. ತುಟಿ ಕಷ್ಟಪಟ್ಟು ಕೂಡಿತು, ಬಿಟ್ಟಿತು. "ಅಲ್ಲ."

"ನೀರು ಬೇಕಾ?"

"ಅಲ್ಲ."

"ಮನೆಗೆ ಹೋಗೋಣ್ವಾ?"

"ಅಲ್ಲ." ಅವರಿಗೂ ರೇಗಿತ್ತು. ಬೇರೆ ಏನೋ ಹೇಳಲು ಹೊರಟರೆ ಅದೊಂದೇ ಸಿಗುತ್ತಿತ್ತು. ಸರಿಯಾದ ಕೈಯಿಂದ ಕುರ್ಚಿಯ ತೋಳನ್ನು ಗುದ್ದಿದರು. ಅವಳಿಗೆ ನಗು ಬಂತು, ನಗುವಿನ ಜೊತೆ ಅಳುವೂ.

"ಅಮ್ಮಾ, ದಾರಿ ಬಿಡಿ," ಎಂದ ಸ್ಟ್ರೆಚರ್ ತಳ್ಳುವವನು.

ಅವಳು ಕುರ್ಚಿಯನ್ನು ಗೋಡೆಯ ಪಕ್ಕಕ್ಕೆ ಎಳೆದಳು. ಓಡಾಡುವವರ ಕಡೆ ಬೆನ್ನು ಹಾಕಿ, ಮೊಣಕಾಲೂರಿ ಕೂತು, ಕಾರಿಡಾರಿನ ಆ ತುದಿಗೂ ಕೇಳುವಂತೆ, ಈ ಸಲ ಒಂದು ಪದ ಕಡಿಮೆ ಮಾಡಿ ಹೇಳಿದಳು:

"ಬಾಗಿಲಲ್ಲಿ ನಿಂತವನಿಗೆ..."